ನೀಲವ್ವನ ಹತ್ತು ಗುಂಟೆ

ಕಾನ್ವೆಂಟಿನಲ್ಲಿ ನನಗೆ ಅರಿಥ್‌ಮೆಟಿಕ್‌ಗೆ ನೂರಕ್ಕೆ ನೂರು ಬೀಳುತ್ತಿತ್ತು. ಈ ಜಂಭವನ್ನು ಇಷ್ಟು ವರ್ಷ ಸಾಕಿಕೊಂಡು ಬಂದವಳು ಈಗ ಒಪ್ಪಿಕೊಂಡುಬಿಡುತ್ತೇನೆ: ನನ್ನದೊಂದು ತಪ್ಪಿಲ್ಲದ ಭಾಗಾಕಾರ ಒಬ್ಬ ಹೆಂಗಸಿನ ಹೊಲವನ್ನು ನುಂಗುವುದರಲ್ಲಿತ್ತು.

ಮೂವತ್ತರ ದಶಕದ ಮಾತು. ಉಣಕಲ್ಲಿನ ಆಚೆ ಅಪ್ಪನದು ನಲವತ್ತು ಎಕರೆ ಎರೆಹೊಲ. ಅದರ ಮೂಲೆಯ ಹತ್ತು ಗುಂಟೆ, ಅಂದರೆ ಕಾಲು ಎಕರೆ, ನೀಲವ್ವ ಪಾಲಿಗೆ ಮಾಡುತ್ತಿದ್ದಳು. ಗಂಡ ತೀರಿದ ಮೇಲೆ ಅವಳಿಗಿದ್ದದ್ದು ಅದೊಂದೇ. ಅಪ್ಪನಿಗೋ ‘ಎಫಿಶಿಯನ್ಸಿ’ ಎಂಬ ಹೊಸ ಭಕ್ತಿ. ಆ ಮೂಲೆಯಲ್ಲಿ ಎತ್ತು, ಕುಂಟೆ ತಿರುಗುವುದಿಲ್ಲ, ದೊಡ್ಡ ಹೊಲಕ್ಕೆ ಸೇರಿಸೋಣ ಎಂದರು. ಆದರೂ ನ್ಯಾಯವಂತರು, ಗುಂಟೆಗೆ ಯಾರ ‘ಯೀಲ್ಡ್’ ಹೆಚ್ಚೋ ನೋಡೋಣವೆಂದು ಕ್ರಿಸ್‌ಮಸ್ ರಜೆಯಲ್ಲಿದ್ದ ನನ್ನ ಕೈಗೆ ನೋಟ್‌ಬುಕ್ ಕೊಟ್ಟರು.

ಎರಡೂ ಕಡೆಯ ಜೋಳ ಅಳೆಸಿ, ಭಾಗಿಸಿ, ಚಂದದ ಕರ್ಸಿವ್‌ನಲ್ಲಿ ಬರೆದೆ. ಅಪ್ಪನ ಗುಂಟೆ ಎರಡು ಸೇರು ಮುಂದು. ಬದುವಿನ ಮೇಲೆ ನಿಂತು ನೀಲವ್ವನ ಎದುರಿಗೇ ಓದಿ ಹೇಳಿ, ನೋಟ್‌ಬುಕ್ಕನ್ನು ಪಕ್ಕದಲ್ಲಿದ್ದ ಅಪ್ಪನ ಕೈಗಿಟ್ಟೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಕೇಳಿದಳು:

“ಜ್ವಾಳ ಬರದಿ, ಛಲೋ ಆತು. ರವಿವಾರಕ್ಕೊಮ್ಮಿ ಬಂದು ನೀ ತಿಂದದ್ದನ್ನ ಯಾವ ಪುಸ್ತಕದಾಗ ಬರದಿ, ತಂಗಿ?”

ನನ್ನ ಮುಖ ಕೆಂಪೇರಿತು. ಶ್ರಾವಣದಲ್ಲಿ ಹಸಿ ಹೆಸರುಕಾಯಿ, ಆಮೇಲೆ ಎಳೆ ಸವತೆ, ಅಲಸಂದಿ. ಮಳೆಗಾಲವಿಡೀ ನಮ್ಮನೆಗೇ ಬರುತ್ತಿದ್ದ ಪುಂಡಿಸೊಪ್ಪು. ಜೋಳದ ಸಾಲಿನ ನಡುನಡುವೆ ಅವಳು ಹಾಕಿದ ಅಕ್ಕಡಿ ಸಾಲುಗಳು ಆರು ತಿಂಗಳು ನನಗೆ ಉಣ್ಣಿಸಿದ್ದವು. ನನ್ನ ಲೆಕ್ಕಕ್ಕೆ ಮಾತ್ರ ಅವು ಬೆಳೆಯೇ ಅಲ್ಲ.

ಅಪ್ಪ ಆವತ್ತು ಮೊದಲ ಸಲ ಬದುವಿನಿಂದ ಆ ಹೊಲಕ್ಕೆ ಇಳಿದರು. ನಲವತ್ತು ಎಕರೆಯನ್ನು ಕುದುರೆಯ ಮೇಲೆ ಕೂತು ನೋಡುವವರಿಗೆ ಅಲ್ಲಿ ಕಾಲಿಡಲು ಜಾಗ ಸಿಗಲಿಲ್ಲ. ಜೋಳ ಕೊಯ್ದ ಕೂಳೆಯ ಪಕ್ಕ ಕಾಯಿ ತುಂಬಿ ಬಾಗಿದ ತೊಗರಿ, ಅದರ ಬುಡದಲ್ಲಿ ಕುಂಬಳದ ಬಳ್ಳಿ, ಬದುವಿಗೆ ಔಡಲ. ಮಣ್ಣು ಹಿಡಿದರೆ ಬೆರಳ ಸಂದಿಯಲ್ಲಿ ಹುಡಿಯಾಗಿ ಜಾರುತ್ತಿತ್ತು. ವರ್ಷವರ್ಷವೂ ಬುಟ್ಟಿಯಲ್ಲಿ ಹೊತ್ತು ಹಾಕಿದ ತಿಪ್ಪೆಗೊಬ್ಬರ. ಚರ್ಚಿನಲ್ಲಿ ನಿಂತವರ ಹಾಗೆ ಅಪ್ಪ ಟೋಪಿ ತೆಗೆದದ್ದನ್ನು ನಾನು ನೋಡಿದೆ. ಬಿಸಿಲಿಗೆ ತೆಗೆದದ್ದಲ್ಲ.

ಆದರೂ ಹಟ ಬಿಡದೆ, “ಇಲ್ಲೆ ಕುಂಟಿ ತಿರಗಂಗಿಲ್ಲಲ್ಲ, ನೀಲವ್ವ,” ಎಂದರು.

“ಕುಂಟಿ ಯಾಕ್ರಿ, ರಾಯರ? ನಾ ತಿರಗತೇನಲ್ಲ, ದಿನಾ.”

ಅಪ್ಪ ನೋಟ್‌ಬುಕ್ ನನಗೇ ವಾಪಸು ಕೊಟ್ಟರು. ಹೊಲದ ಮಾತು ಮತ್ತೆ ಎತ್ತಲಿಲ್ಲ. ಮುಂದಿನ ಮುಂಗಾರಿಗೂ ನೀಲವ್ವನೇ ಬಿತ್ತಿದಳು.

ಈಗ ಕೇಶ್ವಾಪುರದಲ್ಲಿ ನನ್ನ ಹಿತ್ತಲು ಎರಡು ಸೀರೆ ಒಣಹಾಕುವಷ್ಟಿದೆ. ಅದರ ಏರಿಯಾ ಲೆಕ್ಕ ಹಾಕಲು ನನಗೆ ಒಂದು ನಿಮಿಷವೂ ಬೇಡ. ಬೆಳಿಗ್ಗೆ ಅಲ್ಲಿನ ಸೊಪ್ಪು, ಬಳ್ಳಿ, ಕಾಯಿಗಳನ್ನೆಲ್ಲ ನೋಡುತ್ತ ಅದನ್ನು ಸುತ್ತಿ ಬರಲು ಮಾತ್ರ ಒಂದು ತಾಸು ಹಿಡಿಯುತ್ತದೆ.