ಹಿರಿಯ ಫಾಂಗನ ಕೊನೆಯ ವಾರ

ನಮ್ಮ ಕ್ರೈಸ್ತ ಸಭೆಯಲ್ಲಿ ಮೀಸೆ ನೆಟ್ಟಗೆ ಚಿಗುರದ ಹುಡುಗರನ್ನು ‘ಹಿರಿಯರು’ ಎಂದು ಕರೆಯುತ್ತೇವೆ. ಎದೆಯ ಮೇಲಿನ ಕಪ್ಪು ಪಟ್ಟಿಯಲ್ಲಿ ಹಾಗೆಂದೇ ಬರೆದಿರುತ್ತದೆ. ಜುಶಾನ್ ಪೇಟೆಯ ಜನ ಮಾತ್ರ ಅವರನ್ನು ಮಾರ್ಮನ್ ಹುಡುಗರು ಎನ್ನುತ್ತಾರೆ. ಎರಡು ವರ್ಷ ಬಿಳಿ ಅಂಗಿ, ಟೈ, ಹೆಲ್ಮೆಟ್ಟು ಹಾಕಿಕೊಂಡು ಜೋಡಿಯಾಗಿ ಸೈಕಲ್ ತುಳಿದು ಧರ್ಮ ಸಾರುತ್ತಾರೆ, ಆಮೇಲೆ ಹೊರಟುಹೋಗುತ್ತಾರೆ. ನನ್ನ ತಿಂಡಿ ಅಂಗಡಿಯಲ್ಲಿ ಅವರಿಗೆ ಮೊಟ್ಟೆ ರೊಟ್ಟಿ, ಮೂಲಂಗಿ ಕಡುಬು, ಸೋಯಾ ಹಾಲು ಹಾಕುತ್ತಾ ನನಗೆ ಐವತ್ತೈದು ತುಂಬಿತು. ಬಂದವರೆಷ್ಟು, ಹೋದವರೆಷ್ಟು, ನೆನಪಿಲ್ಲ. ಹೋದವರ ಮೇಲಿನ ಸಿಟ್ಟು ಮಾತ್ರ ಹಾಗೇ ಇದೆ.

ಸಿಟ್ಟಿಗೆ ಕಾರಣವೂ ಇದೆ. ನನ್ನ ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಇಂಥದೇ ಒಬ್ಬ ಹಿರಿಯ ನನ್ನನ್ನು ನೀರಿನಲ್ಲಿ ಮುಳುಗಿಸಿ ಎಬ್ಬಿಸಿದ. ದೀಕ್ಷೆ ಕೊಟ್ಟ ಮೂರನೇ ದಿನ ವಿಮಾನ ಹತ್ತಿದ. ಹೋಗುವುದು ಅವನಿಗೆ ಮೊದಲೇ ಗೊತ್ತಿತ್ತು, ಬಾಯಿ ಬಿಟ್ಟಿರಲಿಲ್ಲ. ಮುಂದಿನ ಭಾನುವಾರ ಸಭೆಗೆ ಹೋದರೆ ನನಗೆ ಒಂದು ಮುಖದ ಗುರುತೂ ಇಲ್ಲ. ಬಾಗಿಲ ಹತ್ತಿರ ನಿಂತಿದ್ದು ಮನೆಗೆ ಬಂದೆ. ಕಾಗದ ಬರೆಯುತ್ತೇನೆ ಎಂದಿದ್ದನಂತೆ, ಯಾರೋ ಹೇಳಿದರು. ಎರಡು ವರ್ಷ ಅಂಚೆಯವನ ದಾರಿ ಕಾದೆ. ಒಂದು ಹೊಸ ವರ್ಷದ ಕಾರ್ಡು ಬಂತು, ಅದರಲ್ಲಿ ನನ್ನ ಹೆಸರು ತಪ್ಪಾಗಿತ್ತು.

ಹಿರಿಯ ಫಾಂಗ್ ಅಮೆರಿಕದ ಆಲೂಗಡ್ಡೆ ಬೆಳೆಯುವ ಕಡೆಯವನು. ಫಾಂಗ್ ಎನ್ನುವುದು ಇಲ್ಲಿಗೆ ಬಂದ ಮೇಲೆ ಇಟ್ಟುಕೊಂಡ ಹೆಸರು. ಎತ್ತರದ ಆಳು, ನನ್ನ ಅಂಗಡಿಯ ಫ್ಯಾನಿಗೆ ತಲೆ ತಗಲುತ್ತದೆಂದು ಬಗ್ಗಿಯೇ ಒಳಗೆ ಬರುತ್ತಿದ್ದ. ನನ್ನನ್ನು ಚಿಕ್ಕಮ್ಮ ಎನ್ನುತ್ತಿದ್ದ. ಅವನ ಜೊತೆಗಾರ ಹಿರಿಯ ಜಿಯಾನ್ ನಮ್ಮ ಜೀಲುಂಗ್ ಬಂದರಿನ ಹುಡುಗ, ಬಾಯಿಬಡುಕ. ಇವರಿಬ್ಬರಿಗೂ ಸಿಕ್ಕವರು ಲಾಯ್ ತಾತ.

ಲಾಯ್ ತಾತ ನಲವತ್ತು ವರ್ಷ ಲುಗು ಬೆಟ್ಟದಲ್ಲಿ ಚಹಾ ಎಲೆ ಹುರಿದವರು. ಮೂಗು ಹತ್ತಿರ ತಂದರೆ ಯಾವ ಇಳಿಜಾರಿನ ಎಲೆ, ಹುರಿದವನು ನಡುವೆ ತೂಕಡಿಸಿದನೋ ಇಲ್ಲವೋ, ಎಲ್ಲ ಹೇಳುತ್ತಿದ್ದರು. ಮದುವೆಯಾಗಲಿಲ್ಲ. ಬಾಗಿಲ ಮುಂದೆ ಕೆಟಲಿ, ಬಟ್ಟಲು ಇಟ್ಟುಕೊಂಡು ಕೂತರೆ ಹಾದುಹೋಗುವವರೆಲ್ಲ ಒಂದು ಗುಟುಕು ಕುಡಿದೇ ಹೋಗಬೇಕು. ಕಳೆದ ವರ್ಷ ಈ ಹುಡುಗರಿಬ್ಬರೂ ಕುಡಿಯಲಿಲ್ಲ. ನಮ್ಮಲ್ಲಿ ಚಹಾ ನಿಷಿದ್ಧ. ಕೊಟ್ಟ ಚಹಾ ಮುಟ್ಟದವರನ್ನು ತಾತ ಪೊರಕೆ ತೋರಿಸಿ ಓಡಿಸಿದರು. ಫಾಂಗ್ ಮರುದಿನ ಮತ್ತೆ ಹೋದ, ಬಿಸಿನೀರು ಕೇಳಿದ. ಅದರ ಮರುದಿನವೂ ಹೋದ. ಒಂದು ವರ್ಷ ಬಿಸಿನೀರು ಕುಡಿದು ಕೂತ ಹುಡುಗನ ಮುಂದೆ ತಾತ ಸೋತರು. ನಲವತ್ತು ದಿನದ ಹಿಂದೆ ಕೆಟಲಿಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಅಂಗಡಿಗೆ ತಂದರು.

“ಸು-ಚಿಂಗ್, ಇದನ್ನ ನಿನ್ನ ಹತ್ರ ಇಟ್ಕೋ. ಮನೇಲಿದ್ರೆ ಕೈ ಸುಮ್ನಿರಲ್ಲ. ಮುಂದಿನ ತಿಂಗಳು ಒಂದು ಶನಿವಾರ ಗೊತ್ತು ಮಾಡಿದಾರೆ, ನೀರಿಗೆ ಇಳೀತೀನಿ.”

ಅರವತ್ತು ವರ್ಷದ ಚಟ. ಬಿಟ್ಟ ಮೊದಲ ವಾರ ತಲೆನೋವಿಗೆ ಹಣೆಗೆ ಪಟ್ಟಿ ಕಟ್ಟಿಕೊಂಡು ಓಡಾಡಿದರು.

ಸೋಮವಾರ ಹುಡುಗರಿಗೆ ಬಿಡುವಿನ ದಿನ. ಬಟ್ಟೆ ಒಗೆಯುತ್ತಾರೆ, ಮನೆಗೆ ಮಾತಾಡುತ್ತಾರೆ, ಸಾಮಾನು ತರುತ್ತಾರೆ. ದೀಕ್ಷೆಯ ವಾರದ ಸೋಮವಾರ ಫಾಂಗ್ ಬೇಕರಿಯಿಂದ ಅನಾನಸ್ ಕೇಕಿನ ಆರು ಡಬ್ಬಿ ಹೊತ್ತುಕೊಂಡು ನನ್ನ ಅಂಗಡಿಯ ಮುಂದೆಯೇ ಹೋದ. ಆರು ಡಬ್ಬಿ ಅನಾನಸ್ ಕೇಕನ್ನು ಇಲ್ಲಿ ಯಾರೂ ತಿನ್ನಲು ಕೊಳ್ಳುವುದಿಲ್ಲ, ಊರಿಗೆ ಒಯ್ಯಲು ಕೊಳ್ಳುತ್ತಾರೆ. ಮಂಗಳವಾರ ಬೆಳಿಗ್ಗೆ ಜಿಯಾನ್‌ನನ್ನು ಹಿಡಿದು ಕೇಳಿದೆ.

“ಇವನ ಎರಡು ವರ್ಷ ಯಾವತ್ತಿಗೆ ಮುಗಿಯುತ್ತೋ?”

“ಅದನ್ನೆಲ್ಲ ಮಾತಾಡ್ಬಾರ್ದು ಚಿಕ್ಕಮ್ಮ. ಮಾತಾಡಿದ್ರೆ ಪೆಟ್ಟಿಗೆ ಕಟ್ಟಿದಾನೆ, ಮನಸ್ಸು ಇಲ್ಲಿಲ್ಲ ಅಂತ ಎಲ್ರೂ ಆಡ್ಕೋತಾರೆ.”

“ಕಡುಬು ಬೇಕಾ, ಬೇಡ್ವಾ?”

“ಮುಂದಿನ ಮಂಗಳವಾರ,” ಎಂದು ತಟ್ಟೆ ಎಳೆದುಕೊಂಡ.

ಇದು ಈ ಹುಡುಗರು ಮಾತ್ರ ಮಾಡುವ ತಪ್ಪು. ಕೊನೆಯ ಗಳಿಗೆಯವರೆಗೂ ದುಡಿಯಬೇಕು, ಮನೆಯ ನೆನಪು ತೆಗೆಯಬಾರದು ಎಂದು ತಮ್ಮತಮ್ಮಲ್ಲೇ ಹಟ ಹಿಡಿಯುತ್ತಾರೆ. ಆ ಹಟದಲ್ಲಿ, ತಮಗಾಗಿ ಕಾಯುವವರಿಗೂ ಹೋಗುವ ದಿನ ಹೇಳುವುದಿಲ್ಲ. ಆಮೇಲೆ ಕಾದವರ ಗತಿ ಏನು? ಅದನ್ನು ಕೇಳಲು ಅವರು ಇಲ್ಲಿರುವುದೇ ಇಲ್ಲವಲ್ಲ!

ಆ ಎರಡು ದಿನ ಅವನನ್ನು ಕಣ್ಣಿಟ್ಟು ನೋಡಿದೆ. ಎಂದಿನಂತೆ ಆರೂವರೆಗೆ ಎದ್ದು ಓದು, ಬಿಸಿಲಲ್ಲಿ ಸೈಕಲ್ಲು, ಬಿದಿರು ಕಾರ್ಖಾನೆಯವರ ಮನೆ ಬಾಗಿಲು ತಟ್ಟುವುದು, ಮುಖಕ್ಕೆ ಬಾಗಿಲು ಹಾಕಿಸಿಕೊಳ್ಳುವುದು, ಬುಧವಾರ ಸಂಜೆ ಮಕ್ಕಳಿಗೆ ಇಂಗ್ಲಿಷ್ ಪಾಠ. ನಾಯಿ ಕಚ್ಚಿದ ಕಾಲಿಗೆ ಪಟ್ಟಿ ಸುತ್ತಿಕೊಂಡೇ ಬುಧವಾರದ ಪಾಠ ಮುಗಿಸಿದ. ಒಳ್ಳೆಯ ಹುಡುಗ, ಇಲ್ಲ ಎನ್ನುವುದಿಲ್ಲ. ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬಂತು. ಕೆಟ್ಟವನಾಗಿದ್ದರೆ ತಾತ ಅವನನ್ನು ನಂಬುತ್ತಲೇ ಇರಲಿಲ್ಲ.

ಗುರುವಾರ ತಾತ ಅಂಗಡಿಯಲ್ಲಿದ್ದಾಗಲೇ ಇಬ್ಬರೂ ಬಂದರು.

“ಫಾಂಗ್ ಮರಿ,” ಎಂದರು ತಾತ, “ವಸಂತದ ಎಲೆ ಬಂದಾಗ ನಿನ್ನನ್ನ ಲುಗುಗೆ ಕರ್ಕೊಂಡ್ ಹೋಗ್ತೀನಿ. ಕುಡೀಬೇಡಪ್ಪ, ವಾಸನೆ ನೋಡೋಕೇನು ಪಾಪ ಇಲ್ವಲ್ಲ. ನಾನು ಹುರೀತಿದ್ದ ಒಲೆ ತೋರಿಸ್ತೀನಿ.”

“ಹೂಂ ತಾತ. ಹೋಗೋಣ,” ಎಂದ ಫಾಂಗ್.

ನನ್ನ ಕೈಯಲ್ಲಿದ್ದ ಸಟ್ಟುಗ ಕಾವಲಿಯ ಮೇಲೆ ಟಣ್ಣೆಂದಿತು. ತಾತ ಹೋಗುವವರೆಗೆ ಹಲ್ಲು ಕಚ್ಚಿಕೊಂಡಿದ್ದು, ಆಮೇಲೆ ಅವನ ಟೈ ಹಿಡಿದು ಬಗ್ಗಿಸಿದೆ.

“ವಸಂತದಲ್ಲಿ ನೀನು ಎಲ್ಲಿರ್ತೀಯೋ? ಸುಳ್ಳು ಹೇಳೋಕೆ ಅಷ್ಟು ದೂರದಿಂದ ಬರ್ಬೇಕಿತ್ತಾ? ನಮ್ಮಲ್ಲಿ ಸುಳ್ಳರಿಗೆ ಬರಗಾಲ ಇತ್ತಾ?”

ಅವನ ಕಿವಿ ಕೆಂಪಾಯಿತು. “ಶನಿವಾರ ಆಗ್ಲಿ ಚಿಕ್ಕಮ್ಮ. ಆಮೇಲೆ ಹೇಳ್ತೀನಿ.”

“ಆಮೇಲೆ ಅಂದ್ರೆ ವಿಮಾನದ ಕಿಟಕಿಯಿಂದ್ಲಾ?”

“ಈಗ ಹೇಳಿದ್ರೆ ತಾತ ಇಳಿಯಲ್ಲ. ದೇವರ ಹತ್ರ ಬಂದೋರನ್ನ ನಾನೇ ವಾಪಸ್ ಕಳಿಸಿದ ಹಾಗಾಗುತ್ತೆ.”

“ದೇವರ ಹತ್ರ ಬಂದ್ರಾ, ನಿನ್ನ ಹತ್ರ ಬಂದ್ರಾ? ಅವರಿಗೆ ಗೊತ್ತಾಗ್ಬೇಡ್ವಾ ಅದು? ನೀನು ಹೇಳ್ತೀಯೋ, ನಾನು ಹೇಳ್ಲೋ?”

“ನಾನೇ ಹೇಳ್ತೀನಿ. ನಾಳೆ.” ಕಣ್ಣಲ್ಲಿ ನೀರಿತ್ತು.

ಶುಕ್ರವಾರ ಹೇಳಲಿಲ್ಲ. ಶನಿವಾರ ಬೆಳಿಗ್ಗೆ ಸಭೆಯ ಕೋಣೆಯ ಹಿಂದೆ ಮಡಚುವ ತೊಟ್ಟಿ ಬಿಚ್ಚಿ, ಪೈಪು ಬಿಟ್ಟು ನಾಲ್ಕು ಗಂಟೆ ನೀರು ತುಂಬಿಸುತ್ತಿದ್ದವನನ್ನು ಕೇಳಿದೆ. ತಲೆ ತಗ್ಗಿಸಿದ. ನಾನೇ ಹೋಗಿ ಹೇಳಬಹುದಿತ್ತು. ಬಿಳಿ ಬಟ್ಟೆ ತೊಟ್ಟು, ತಲೆಗೂದಲು ನೀಟಾಗಿ ಬಾಚಿಕೊಂಡು ಬಂದ ತಾತನ ಮುಖ ನೋಡಿ ನನ್ನ ನಾಲಿಗೆಯೂ ಏಳಲಿಲ್ಲ.

ನಮ್ಮಲ್ಲಿ ದೀಕ್ಷೆಗೆ ಇಬ್ಬರು ಸಾಕ್ಷಿಗಳು ನಿಲ್ಲಬೇಕು. ಇಳಿದವರು ಅಡಿಯಿಂದ ಮುಡಿಯವರೆಗೆ ಪೂರ್ತಿ ಮುಳುಗಿದ್ದನ್ನು ಕಣ್ಣಾರೆ ಕಾಣಬೇಕು. ಕಾಲಿನ ಒಂದು ಬೆರಳು ಮೇಲೆ ಉಳಿದರೂ ಆಗಲಿಲ್ಲ ಎನ್ನಬೇಕು, ಮತ್ತೆ ಮುಳುಗಿಸಬೇಕು. ಅಂದು ತಲೆಯ ಕಡೆ ಜಿಯಾನ್, ಕಾಲಿನ ಕಡೆ ನಾನು. ಇಪ್ಪತ್ತೆಂಟು ಜನ ಹಾಡು ಹೇಳಿ ಸುಮ್ಮನಾದರು. ಫಾಂಗ್ ಬಲಗೈ ಎತ್ತಿ ಪ್ರಾರ್ಥನೆಯ ಮಾತು ಒಂದೂ ತಪ್ಪದೆ ಹೇಳಿದ, ತಾತನನ್ನು ಹಿಂದಕ್ಕೆ ಒರಗಿಸಿ ಮುಳುಗಿಸಿದ. ನೀರು ಮುಚ್ಚಿಕೊಂಡಿತು. ತಾತ ಎದ್ದರು, ಮುಖ ಒರೆಸಿಕೊಂಡು ಮಗುವಿನಂತೆ ನಕ್ಕರು. ಜಿಯಾನ್ ತಲೆಯಾಡಿಸಿದ. ಎಲ್ಲರೂ ನನ್ನ ಕಡೆ ನೋಡಿದರು.

ಮೂವತ್ತೊಂದು ವರ್ಷದ ಸಿಟ್ಟು ನನ್ನ ಗಂಟಲಿಗೆ ಬಂತು.

“ಆಗ್ಲಿಲ್ಲ,” ಎಂದೆ. “ಕಾಲು ಮೇಲೆ ಬಂತು.”

ಬಂದಿರಲಿಲ್ಲ. ಎರಡೂ ಪಾದ ನೀರಿನ ತಳದಲ್ಲಿದ್ದದ್ದು ನಾನು ಕಂಡಿದ್ದೆ. ಅವನಿಗೆ ಇನ್ನೊಂದು ಸಲ ಬಾಯಿ ತೆರೆಯುವ ಅವಕಾಶ ಕೊಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಫಾಂಗ್ ನನ್ನನ್ನು ನೋಡಿದ. ಅರ್ಥವಾಯಿತು ಎಂದುಕೊಂಡೆ. ಪ್ರಾರ್ಥನೆಗೆ ಮತ್ತೆ ಎತ್ತಿದ ಕೈ ಇಳಿಸಿದ.

“ತಾತ, ಮಂಗಳವಾರ ನಾನು ಮನೆಗೆ ಹೋಗ್ತಿದೀನಿ.”

“ಯಾವ ಮಂಗಳವಾರ?”

“ಈ ಮಂಗಳವಾರ.”

“ವಾಪಸ್ ಯಾವಾಗ?”

ಫಾಂಗ್ ತಾತನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

“ಲುಗುಗೆ ಹೋಗೋಣ ಅಂದ್ಯಲ್ಲೋ,” ಎಂದರು ತಾತ. “ಮೊನ್ನೆ ಅಂದ್ಯಲ್ಲ.” ಹುಡುಗನ ಕೈ ಬಿಡಿಸಿಕೊಂಡು, ಏಣಿ ಹಿಡಿದು ಇಳಿದು, ಯಾರು ಕೊಟ್ಟ ಟವೆಲ್ಲನ್ನೂ ತೆಗೆದುಕೊಳ್ಳದೆ, ಒದ್ದೆ ಬಿಳಿ ಬಟ್ಟೆಯಲ್ಲೇ ಬರಿಗಾಲಲ್ಲಿ ಪೇಟೆಯ ನಡುವೆ ನಡೆದುಹೋದರು.

ಭಾನುವಾರ ಫಾಂಗ್ ಅವರ ಬಾಗಿಲು ತಟ್ಟಿದ, ತೆಗೆಯಲಿಲ್ಲ. ಸೋಮವಾರವೂ ತೆಗೆಯಲಿಲ್ಲ. ಮಂಗಳವಾರ ಏಳಕ್ಕೆ ನನ್ನ ಅಂಗಡಿಯ ಎದುರಿನ ನಿಲ್ದಾಣದಿಂದ ಅವನ ಬಸ್ಸು. ಆರು ಡಬ್ಬಿಯಲ್ಲಿ ಒಂದನ್ನು ನನ್ನ ಕೈಗಿತ್ತ. “ತಾತಂಗೆ ಕೊಡಿ. ಕೊನೇಗೆ ಒಂದು ಕೆಲಸಾನೂ ನೆಟ್ಟಗೆ ಮಾಡ್ಲಿಲ್ಲ ಚಿಕ್ಕಮ್ಮ ನಾನು. ಅವರ ಕಾಲು ಕೂಡ ಮುಳುಗಿಸೋಕೆ ಆಗ್ಲಿಲ್ಲ.”

ಅವನಿಗೆ ಅರ್ಥವಾಗಿರಲಿಲ್ಲ. ಕಾಲು ನಿಜವಾಗಿ ಮೇಲೆ ಬಂದಿತ್ತೆಂದೇ ನಂಬಿದ್ದ. ಆಗಲಾದರೂ ಹೇಳಬೇಕಿತ್ತು. ಬಸ್ಸು ಬಂತು. ಹೋಗುವಾಗ ಕಿಟಕಿಯಿಂದ ತಾತನ ಬೀದಿಯ ಕಡೆಯೇ ನೋಡುತ್ತಿದ್ದ.

ಒಂಬತ್ತಕ್ಕೆ ತಾತ ಬಂದರು. ಕೂರಲಿಲ್ಲ.

“ಕೆಟಲಿ ಕೊಡು. ಶನಿವಾರದಿಂದ ಮತ್ತೆ ಚಹಾ ಬೇಕು ಅಂತ ಸಾಯ್ತಿದೀನಿ. ಬಾಗಿಲು ತೆಗೆದ್ರೆ ಆ ಹುಡುಗ ನಿಂತಿರ್ತಾನೆ ಅಂತ ಒಳಗೇ ಕೂತಿದ್ದೆ.”

ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟೆ, ಪಕ್ಕದಲ್ಲಿ ಕೇಕಿನ ಡಬ್ಬಿ. ತಾತ ಗಂಟು ಮುಟ್ಟಲಿಲ್ಲ. ನನ್ನನ್ನೇ ನೋಡಿದರು.

“ನಲವತ್ತು ವರ್ಷ ಎಲೆ ಹುರಿದೋನು ನಾನು. ಯಾವುದು ಹಸಿ, ಯಾವುದು ಬೆಂದಿದೆ ಅಂತ ಕೈಗೇ ಗೊತ್ತಾಗುತ್ತೆ. ನನ್ನ ಕಾಲು ತಳದಲ್ಲಿತ್ತು, ಸು-ಚಿಂಗ್. ಮೇಲೆ ಬಂದಿತ್ತಾ? ನಿಜ ಹೇಳು.”

“ಇಲ್ಲ,” ಎಂದೆ.

“ಅವನಿಗೆ ಹೇಳಿದ್ಯಾ?”

“ಇಲ್ಲ.”

“ಮತ್ತೆ ಅವನಿಗೂ ನಿನಗೂ ಏನು ವ್ಯತ್ಯಾಸ? ಅವನಿಗೆ ಇಪ್ಪತ್ತೊಂದು ವರ್ಷ, ಬಾಯಿ ಬರ್ಲಿಲ್ಲ. ನಿನ್ನದು ಅರ್ಧ ತಲೆ ನರೆತಿದೆ. ದೇವರ ಮುಂದೆ ನಿಲ್ಲಿಸಿ ಕೇಳಿದಾಗ ಸುಳ್ಳು ಹೇಳಿದೆ!” ತಾತ ಮೇಜು ಗುದ್ದಿದರು. ಕಡುಬು ತಿನ್ನುತ್ತಿದ್ದವರು ತಿರುಗಿ ನೋಡಿದರು. ನನ್ನಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. ನಾಚಿಕೆಯಿಂದ ಒಲೆ ಆರಿಸಿದೆ.

ತಾತ ಡಬ್ಬಿ ತೆಗೆದುಕೊಂಡು ಕಂಕುಳಲ್ಲಿ ಇರುಕಿಸಿಕೊಂಡರು. ಕೆಟಲಿಯ ಗಂಟನ್ನು ನನ್ನ ಕಡೆಗೆ ತಳ್ಳಿದರು.

“ಆ ಹುಡುಗಂಗೆ ಕಾಗದ ಬರಿ. ಕಾಲು ಮುಳುಗಿತ್ತು ಅಂತ ಬರಿ. ಇವತ್ತೇ ಅಂಚೆಗೆ ಹಾಕು, ನಾಳೆ ಅನ್ಬೇಡ. ಕಾಯೋದು ಏನು ಅಂತ ನಿನಗೆ ಗೊತ್ತಲ್ಲ.”

“ಹೂಂ ತಾತ.”

ಬಾಗಿಲ ಹತ್ತಿರ ಹೋದವರು ತಿರುಗಿದರು.

“ನೀರೊಳಗೆ ಇದ್ದಾಗ ನನಗೆ ಆ ಹುಡುಗನ ನೆನಪೇ ಬಂದಿರ್ಲಿಲ್ಲ, ದೇವರೊಬ್ಬನೇ ಇದ್ದ. ಅದನ್ನ ಮೂರು ದಿನ ಕೂತು ಯೋಚಿಸ್ದೆ. ಶನಿವಾರ ಮತ್ತೆ ತೊಟ್ಟಿ ತುಂಬಿಸೋಕೆ ಹೇಳು. ಯಾರಾದ್ರೂ ಮುಳುಗಿಸ್ಲಿ, ನನಗೇನು.” ಹೊಸ್ತಿಲು ದಾಟಿ ಹೇಳಿದರು: “ಸಾಕ್ಷಿಗೆ ಮಾತ್ರ ನೀನು ಬೇಡ.”