ಮಲಗಿಸಿ ತೆಗೆದ ಅಳತೆ

ಮೈದುನನಿಗೆ ಹುಡುಗಿ ಗೊತ್ತಾಗಿದೆ ಎಂದು ಅತ್ತೆ ಹೇಳಿದ ದಿನ ಹಿರಿಸೊಸೆ ಹೊಲಿಗೆ ಮಿಷನ್ನಿನ ಮುಂದೆ ಕೂತು ಯಾರದೋ ಕೋಟಿಗೆ ತೋಳು ಕೂಡಿಸುತ್ತಿದ್ದಳು.

“ಅವಳೂ ಹೊಲೀತಾಳಂತೆ ಕಣೇ. ನಾಟಕದ ಕಂಪನೀಲಿ ರಾಜ ರಾಣಿಯರಿಗೆಲ್ಲ ಅವಳದೇ ಬಟ್ಟೆಯಂತೆ.”

“ಬರಲಿ ಬಿಡಿ, ನಂಗೂ ಕೈ ಜೊತೆಯಾಯ್ತು,” ಎಂದಳು ಹಿರಿಸೊಸೆ. ಮಾತು ಬೆಲ್ಲ, ಕರುಳು ಕತ್ತರಿ. ಅದುವರೆಗೆ ಆ ಬೀದಿಯಲ್ಲಿ ‘ಅಕ್ಕನ ಹೊಲಿಗೆ’ ಎಂದರೆ ಅವಳೊಬ್ಬಳದೇ.

ಬಂದವಳು ಕೆಲಸಗಾತಿಯೇ. ಸೂಜಿ ಕಚ್ಚಿಕೊಂಡೇ ಹರಟುವಳು. ಹೊಲಿಗೆ ತಪ್ಪಿದರೆ ಅಲ್ಲೊಂದು ಲೇಸು ಹಚ್ಚಿ, “ಇದೇ ಈಗಿನ ಫ್ಯಾಷನ್ನು” ಎಂದುಬಿಡುವಳು, ಗಿರಾಕಿಗಳೂ ನಂಬುವರು. ಹಿರಿಸೊಸೆ ಹೊಲಿದದ್ದನ್ನು ಜನ ತೊಟ್ಟು ಸವೆಸುತ್ತಿದ್ದರು. ಇವಳು ಹೊಲಿದದ್ದನ್ನು ತೊಟ್ಟು ಮೆರೆಯುತ್ತಿದ್ದರು.

ಹೀಗಿರುವಾಗ ಸಿನಿಮಾ ಕಂಪನಿಯ ಮ್ಯಾನೇಜರ್ ಮನೆ ಮುಂಭಾಗದ ಹೊಲಿಗೆ ಅಂಗಡಿಗೆ ಬಂದ. ಆಕಾಶದಲ್ಲಿ ಹಾರುವ ಸೂಪರ್‌ಹೀರೋನ ಸಿನಿಮಾ. ಅಂಥದ್ದನ್ನು ಯಾರೂ ತೆಗೆದಿಲ್ಲವಂತೆ. ಹಿರಿಸೊಸೆ ಕೊರಳಿನ ಟೇಪು ಸರಿಮಾಡಿಕೊಂಡು ಎದ್ದು ನಿಂತಳು. ಅವನು ಅವಳ ಹೆಗಲಾಚೆ ನೋಡಿ, “ನಾಟಕದ ಬಟ್ಟೆ ಹೊಲೀತಿದ್ದೋರು ಯಾರು?” ಎಂದ.

ಅವಳ ಹೊಟ್ಟೆಯಲ್ಲಿ ಬಿದ್ದ ಕಿಡಿ ಆಮೇಲೆ ಆರಲಿಲ್ಲ.

ಹೀರೋಗೆ ಅಳತೆ ಕೊಡಲು ಪುರುಸೊತ್ತಿಲ್ಲ; ಮೈದುನನದೂ ಅದೇ ಮೈಕಟ್ಟು. ಕಿರಿಸೊಸೆ ಗಂಡನನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ಕೈಗಳನ್ನು ಮುಂದಕ್ಕೆ ಚಾಚಿಸಿ ಅಳತೆ ತೆಗೆದಳು. ಹಾರುವವನ ಬಟ್ಟೆ ಹಾರುವ ಭಂಗಿಗೇ ಕೂರಬೇಕೆಂಬುದು ಅವಳ ಲೆಕ್ಕ.

“ಏನಪ್ಪಾ, ನಿನ್ನನ್ನ ಒಣಗೋಕೆ ಹಾಕಿದಾಳಾ?” ಎಂದಳು ಹಿರಿಸೊಸೆ.

“ಮಾತಾಡಿಸ್ಬೇಡಿ ಅತ್ತಿಗೆ, ಮೋಡದ ಮೇಲಿದೀನಿ!”

ಹಿರಿಸೊಸೆಗೆ ಕೂಡಲೇ ಹೊಳೆಯಿತು: ಹೀಗೆ ಕತ್ತರಿಸಿದ್ದನ್ನು ತೊಟ್ಟು ನೆಟ್ಟಗೆ ನಿಂತರೆ ಬಟ್ಟೆಯೆಲ್ಲ ಹೆಗಲ ಮೇಲೆ ಗೂನಿನಂತೆ ಗುಪ್ಪೆಯಾಗುತ್ತದೆ. ಹಾರುವವನೂ ಎಲ್ಲಾದರೂ ಇಳಿಯಲೇಬೇಕಲ್ಲ! ಅವಳು ತುಟಿ ಹೊಲಿದುಕೊಂಡು ಕೂತಳು. ಶೂಟಿಂಗ್ ಶುರುವಾಗಲಿ, ಹೀರೋ ಗೂನನಾಗಿ ನಿಲ್ಲಲಿ, ಆಗ ಮ್ಯಾನೇಜರ್ ಯಾರನ್ನು ಕೇಳಿಕೊಂಡು ಬರುತ್ತಾನೋ ನೋಡೋಣ. ಬಟ್ಟೆ ಮುಗಿಯುವ ತನಕ ಇದೊಂದೇ ಆಸೆಯಲ್ಲಿ ದಿನ ದೂಡಿದಳು.

ಶೂಟಿಂಗ್ ಶುರುವಾಗಲೇ ಇಲ್ಲ. ದುಡ್ಡು ಹಾಕುವವರು ಹಿಂದೆ ಸರಿದರು, ಸಿನಿಮಾ ನಿಂತುಹೋಯಿತು, ಬಟ್ಟೆ ಮನೆಯಲ್ಲೇ ಉಳಿಯಿತು. ನೆರೆಹೊರೆಯವರು ಬಂದು ಅದನ್ನು ಮೇಜಿನ ಮೇಲೆ ಹರಡಿಸಿ, ಸವರಿ, “ಎಂಥಾ ಕೈ ನಿಂದು! ನೋಡೋ ಭಾಗ್ಯ ಜನಕ್ಕಿಲ್ಲ” ಎಂದು ಕಣ್ಣೊರೆಸಿಕೊಂಡರು. ಅಂಗಾತ ಬಿದ್ದ ಬಟ್ಟೆಯಲ್ಲಿ ಗೂನೆಲ್ಲಿ ಕಾಣಬೇಕು? ಸಿನಿಮಾ ಗೆದ್ದಿದ್ದರೂ ಕಿರಿಸೊಸೆಗೆ ಇಷ್ಟು ಹೊಗಳಿಕೆ ಸಿಗುತ್ತಿರಲಿಲ್ಲ. ಬಂದವರಿಗೆಲ್ಲ ಟೀ ಮಾಡಿಕೊಟ್ಟವಳು ಹಿರಿಸೊಸೆ.

ಆ ವರ್ಷವೇ ಮೈದುನ ಬೇರೆ ಊರಲ್ಲಿ ಅಂಗಡಿ ಹಿಡಿದ. ಹೊರಡುವ ಹಿಂದಿನ ದಿನ ಕಿರಿಸೊಸೆ ಬಟ್ಟೆಯನ್ನು ತೋಳ ಮೇಲೆ ಹಾಕಿಕೊಂಡು ಬಂದು ಬಾಗಿಲು ಮುಂದೆ ಮಾಡಿದಳು. ಅಕ್ಕನನ್ನು ಅವಳು ಏನನ್ನಾದರೂ ಕೇಳಿದ್ದು ಅದೇ ಕೊನೆ.

“ಅಕ್ಕಾ, ಇವರಿಗೆ ಇದನ್ನ ತೊಡಿಸಿ, ಫೋಟೋ ತೆಗೆಸಿ, ಹೊಸ ಅಂಗಡೀಲಿ ಹಾಕ್ಬೇಕು. ನಿಂತ್ರೆ ಹೆಗಲು ಗೂನಾಗತ್ತೆ.”

“ಹೌದಾ? ನಂಗೇನು ಗೊತ್ತು.”

“ಗೊತ್ತಿತ್ತು. ಅಳತೆ ತೆಗೆದ ದಿನ ನಿಮ್ಮ ಮುಖ ನೋಡಿದ್ದೆ. ಕೇಳೋಕೆ ಮನಸ್ಸು ಬರ್ಲಿಲ್ಲ.” ಬಟ್ಟೆಯನ್ನು ಅಕ್ಕನ ಮಡಿಲಿಗೆ ಹಾಕಿದಳು. “ಸರಿ ಮಾಡ್ಕೊಡಿ. ಆದ್ರೆ ನೀವು ಮಾಡಿದ್ದು ಅಂತ ಮಾತ್ರ ಯಾರ ಹತ್ರಾನೂ ಅನ್ಬೇಡಿ.”