ಅಣ್ಣನ ಸಿನಿಮಾಕ್ಕೆ ನಾನು ಹಾಕಿದ ಕತ್ತರಿ

ಅಂದು ನನಗೆ ಜ್ವರ. ಕೆಲಸಕ್ಕೆ ಹೋಗಿರಲಿಲ್ಲ. ಅಣ್ಣನ ಸಿನಿಮಾ ರೀಲನ್ನು ಮಡಿಲಲ್ಲಿ ಹರಡಿಕೊಂಡು, ಅದರಲ್ಲಿ ಜೋತಾಡುತ್ತಿದ್ದ ದಾರಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿಬಿಟ್ಟೆ.

ಮಾರನೆಯ ದಿನ ಅದನ್ನು ಪರದೆಯ ಮೇಲೆ ತೋರಿಸುವುದಿತ್ತು. ನೀಟಾಗಿರಲಿ ಎಂದುಕೊಂಡೆ… ಅಷ್ಟೇ.

ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆ ಜೋರಾಗಿದ್ದ ಕಾಲ ಅದು. ನಾನು ಮತ್ತು ನನ್ನ ಅಣ್ಣ ಈರಣ್ಣ ಅಮರಾಪುರದ ಕಡೆಯ ಹಳ್ಳಿಯಿಂದ ಬಂದು ಒಂದೇ ಯೂನಿಟ್ಟಿಗೆ ಸೇರಿದ್ದೆವು. ಅವನು ಮಷಿನ್ ಮೇಲೆ. ನಾನು, ಹೊಲಿದು ಬಂದ ಪ್ಯಾಂಟುಗಳ ದಾರ ಕತ್ತರಿಸುವ ಹೆಂಗಸರ ಸಾಲಿನಲ್ಲಿ.

ಒಂದು ಎಳೆ ಉಳಿದರೂ ಸೂಪರ್‌ವೈಸರ್ ಪ್ಯಾಂಟನ್ನು ನಮ್ಮ ಮುಂದೆ ಎಸೆಯುತ್ತಿದ್ದ. "ಏನ್ರಮ್ಮಾ, ಪ್ಯಾಂಟಿಗೂ ಮೀಸಿ ಬಿಡಾಕ ಹತ್ತೀರೇನು?"

ಎರಡು ವರ್ಷದಲ್ಲಿ ನನ್ನ ಕೈ ಹೇಗಾಗಿತ್ತೆಂದರೆ, ಬಸ್ಸಿನಲ್ಲಿ ಮುಂದೆ ನಿಂತವರ ಸೀರೆಯಲ್ಲಿ ಎಳೆ ಕಂಡರೂ ಬೆರಳು ತುರಿಸುತ್ತಿತ್ತು.

ಅಣ್ಣ ಮೊದಲು ಅಮರಾಪುರದ ಟೆಂಟ್ ಸಿನಿಮಾದಲ್ಲಿ ರೀಲಿನ ಡಬ್ಬಿ ಹೊರುತ್ತಿದ್ದ. ಟೆಂಟ್ ಮುಚ್ಚಿದಾಗ ಯಜಮಾನರು ಹರಿದ ರೀಲಿನ ಒಂದು ಸುರುಳಿ ಕೊಟ್ಟಿದ್ದರು. ಜೀನ್ಸಿನ ಬಣ್ಣ ತೆಗೆಯುವ ಬ್ಲೀಚಿಂಗ್ ನೀರಿನಲ್ಲಿ ಅದನ್ನು ನೆನೆಹಾಕಿದ. ಹಳೆಯ ಚಿತ್ರವೆಲ್ಲ ಹೋಗಿ ರೀಲು ಗಾಜಿನ ಹಾಗಾಯಿತು.

ಅದರ ಮೇಲೆ ಸಣ್ಣ ಸಣ್ಣ ದಾರ ಹೊಲಿಯತೊಡಗಿದ. ಒಂದು ತುದಿ ಬಿಗಿ, ಇನ್ನೊಂದು ತುದಿ ಸಡಿಲ. ಆರು ತಿಂಗಳ ಭಾನುವಾರಗಳೆಲ್ಲ ಅದಕ್ಕೇ ಹೋದವು.

"ಇದೇನಣ್ಣಾ?" ಅಂತ ಕೇಳಿದ್ದೆ.

"ಸಿನಿಮಾ ಕಣಮ್ಮಾ."

"ಕ್ಯಾಮೆರಾ ಇಲ್ಲ, ಹೀರೋ ಇಲ್ಲ, ಎಂಥ ಸಿನಿಮಾ?"

"ಈಗ್ಲೇ ಹೇಳ್ಬಿಟ್ರೆ ಏನೈತೆ ಮಜಾ? ಪರದೆ ಮ್ಯಾಲೆ ನೋಡೀವಂತೆ."

ಟೆಂಟಿನ ಕಾಲದಿಂದ ಪರಿಚಯವಿದ್ದ ಖಾದರ್ ಸಾಬರು ಆಗ ಮಡಕಶಿರಾದ ಒಂದು ಟಾಕೀಸಿನಲ್ಲಿ ಆಪರೇಟರ್. ಭಾನುವಾರ ಬೆಳಗಿನ ಆಟಕ್ಕೆ ಮುಂಚೆ ಹಾಕಿ ತೋರಿಸುತ್ತೇನೆ ಎಂದಿದ್ದರು. ಅಣ್ಣ ಇಸ್ತ್ರಿ ಅಂಗಿ ತೊಟ್ಟು, ನನ್ನನ್ನೂ ಯೂನಿಟ್ಟಿನ ಇಬ್ಬರು ಟೈಲರ್‌ಗಳನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದ. ರೀಲಿನ ಡಬ್ಬಿಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದ.

ದೀಪ ಆರಿತು. ಪರದೆ ಬೆಳ್ಳಗಾಯಿತು. ಸಣ್ಣ ಸಣ್ಣ ಕಪ್ಪು ಹೊಲಿಗೆ ಗುರುತುಗಳು ನಡುಗುತ್ತ ಬಂದವು, ಹೋದವು. ಒಂದು ನಿಮಿಷ… ಮುಗಿಯಿತು.

ಟೈಲರ್‌ಗಳಲ್ಲಿ ಒಬ್ಬ ಜೋರಾಗಿ ನಕ್ಕ. "ಹೊಲಿಗಿ ನೋಡಾಕ ಇಷ್ಟು ದೂರ ಕರ್ಕೊಂಡು ಬಂದೀಯೇನಪಾ? ಯೂನಿಟ್ಟಿನಾಗ ದಿನಾ ಅದನ್ನ ನೋಡ್ತೀವಲ್ಲೋ!"

ಖಾದರ್ ಸಾಬರು ಮೇಲಿನ ಕಿಂಡಿಯಿಂದ ಇಣುಕಿದರು. "ಏನಪ್ಪಾ ಈರಣ್ಣಾ, ದಾರದ ನೆರಳು ಕುರಿ ಚದುರಿದಂಗೆ ಓಡ್ತವೆ ಅಂತ ನೀನೇ ಅಂದಿದ್ದೆ. ಒಂದು ಕುರಿನೂ ಬರ್ಲಿಲ್ವಲ್ಲೋ?"

ನನಗೆ ಆಗ ಅರ್ಥವಾಯಿತು.

ಆ ಸಡಿಲ ತುದಿಗಳೇ ಅವನ ಸಿನಿಮಾ. ಚಿಕ್ಕವನಿದ್ದಾಗ ಅವನು ಮೇಯಿಸುತ್ತಿದ್ದ ನಮ್ಮ ಕರಿ ಕುರಿಗಳು ಗುಡ್ಡ ಇಳಿದು ಚದುರುವುದನ್ನು ಅವನು ದಾರದಲ್ಲಿ ಹೊಲಿದಿದ್ದ. ನಾನು ಮೀಸೆ ಎಂದುಕೊಂಡು ಕತ್ತರಿಸಿದ್ದೆ.

ಅಣ್ಣ ಮೇಲೆ ಹೋಗಿ ರೀಲನ್ನು ಇಸಿದುಕೊಂಡು ಬಂದು ಬಾಗಿಲ ಬೆಳಕಿಗೆ ಹಿಡಿದ. ಅದನ್ನು ಬೆರಳ ನಡುವೆ ನಿಧಾನಕ್ಕೆ ಎಳೆಯುತ್ತ ನೋಡಿದ.

"ಲಕ್ಷ್ಮೀ, ಇದನ್ನ ಯಾರಾನಾ ಮುಟ್ಟಿದ್ರಾ?"

ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದರು.

"ನಂಗೊತ್ತಿಲ್ಲಣ್ಣಾ" ಅಂದೆ.

ಅವನು ರೀಲನ್ನು ಸುತ್ತಿ ಡಬ್ಬಿಯಲ್ಲಿಟ್ಟ. ಆಮೇಲೆ, "ರೀಲಿನಾಗೆ ಬ್ಲೀಚಿಂಗ್ ಇನ್ನೂ ಉಳಿದಿತ್ತೇನೋ. ದಾರ ಸತ್ತು ಉದುರೋಗವೆ, ಬಿಡು" ಅಂದ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೇ ಕೊಟ್ಟ.

ಅವನು ಮತ್ತೆ ಯಾವ ರೀಲನ್ನೂ ಹೊಲಿಯಲಿಲ್ಲ. ಯೂನಿಟ್ಟಿನವರು ವರ್ಷಗಟ್ಟಲೆ "ಏನ್ರೀ ಡೈರೆಕ್ಟ್ರೇ" ಎಂದು ಚುಡಾಯಿಸಿದರು. ನಕ್ಕು ತಲೆ ತಗ್ಗಿಸಿ ಹೊಲಿಯುತ್ತಿದ್ದ.

ಹೇಳಿಬಿಡೋಣ ಅಂತ ಎಷ್ಟೋ ಸಲ ಹತ್ತಿರ ಹೋಗಿ ನಿಂತಿದ್ದೇನೆ. ಬ್ಲೀಚಿಂಗ್‌ನಿಂದ ಆಯಿತೆಂದು ನಂಬಿದ್ದಾನಲ್ಲ, ಈಗ ಯಾಕೆ ನೋಯಿಸಲಿ ಅಂತ ತಿರುಗಿ ಬಂದಿದ್ದೇನೆ. ನನಗೆ ಅದೇ ಅನುಕೂಲವಾಗಿತ್ತು.

ಕಳೆದ ತಿಂಗಳು ಅಣ್ಣ ಹೋಗಿಬಿಟ್ಟ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅತ್ತಿಗೆ ಆ ಡಬ್ಬಿಯನ್ನು ತಂದು ನನ್ನ ಮುಂದಿಟ್ಟರು. "ಇದನ್ನ ಎಸೀತೀನಿ ಅಂದ್ರ ನಿಮ್ಮಣ್ಣ ಬಿಡ್ತಿರಲಿಲ್ರಿ" ಅಂದರು.

ಅಣ್ಣನ ಮಗಳು ಲತಾ ಬಳ್ಳಾರಿಯಲ್ಲಿ ಕಾಲೇಜು ಓದುತ್ತಾಳೆ. ರೀಲನ್ನು ಕಿಟಕಿಗೆ ಹಿಡಿದು ನೋಡಿ ಬೆರಗಾದಳು. ಬಹಳ ಹಿಂದೆಯೇ ಹೊರದೇಶದ ಕಲಾವಿದರು ಹೀಗೆ ಕ್ಯಾಮೆರಾ ಇಲ್ಲದೆ, ರೀಲಿನ ಮೇಲೇ ಗೀಚಿ, ಅಂಟಿಸಿ ಕಿರುಚಿತ್ರ ಮಾಡುತ್ತಿದ್ದರಂತೆ. ಮೊಬೈಲಿನಲ್ಲಿ ಒಂದನ್ನು ತೋರಿಸಿದಳು. ಅದರಲ್ಲಿ ನೆರಳುಗಳು ಕುಣಿಯುತ್ತಿದ್ದವು. ಅಣ್ಣನದೂ ಹೀಗೇ ಕಾಣುತ್ತಿತ್ತು…

"ಅತ್ತೀ, ಈ ದಾರದ ತುದಿಗಳೆಲ್ಲಾ ಒಂದೇ ಅಳತೀಲೆ ಅದಾವಲ್ಲ, ಯಾಕ?" ಅಂತ ಕೇಳಿದಳು.

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಸತ್ತು ಉದುರಿದ ದಾರದ ತುದಿ ಹಿಂಜಿರುತ್ತದೆ. ಇವು ಒಂದೇ ಸಮ, ಕತ್ತರಿಯ ಬಾಯಿಗೆ ಸಿಕ್ಕಿದವು. ಕಾಲೇಜು ಹುಡುಗಿಯ ಕಣ್ಣಿಗೆ ಬಿದ್ದದ್ದು ಟೈಲರನ ಕಣ್ಣಿಗೆ ಬಿದ್ದಿರಲಿಲ್ಲವೇ? ನನ್ನ ಕೈಯ ಅಳತೆ ಅವನಿಗೆ ಗೊತ್ತಿರಲಿಲ್ಲವೇ?

ಅಂದೇ, ಆ ಬಾಗಿಲ ಬೆಳಕಿನಲ್ಲೇ ಅವನಿಗೆ ಗೊತ್ತಾಗಿತ್ತು. ಆದರೂ ಕೇಳಿದ. ನಾನು ಸುಳ್ಳು ಹೇಳಿದಾಗ ನೆಪವನ್ನೂ ಅವನೇ ಹುಡುಕಿಕೊಟ್ಟ.

ಇನ್ನೊಂದು ರೀಲು ಹೊಲಿದು, ಅದರಲ್ಲಿ ಕುರಿಗಳು ಓಡಿದ್ದರೆ, ಮೊದಲನೆಯದಕ್ಕೆ ಏನಾಗಿತ್ತೆಂದು ಎಲ್ಲರೂ ಕೇಳುತ್ತಿದ್ದರು, ನನ್ನ ಸುಳ್ಳು ಬಯಲಾಗುತ್ತಿತ್ತು. ಅದಕ್ಕೇ ಅವನು ಮತ್ತೆ ಹೊಲಿಯಲಿಲ್ಲವೇನೋ…

"ನಾನೇ ಕತ್ತರಿಸಿದ್ದು ಅಣ್ಣಾ" ಅನ್ನುವ ಮಾತು ಈಗ ಬಾಯಿಗೆ ಬರುತ್ತಿದೆ, ಯಾರ ಮುಂದೆ ಹೇಳಲಿ?